ಆರು ಗೂಡಿನ ಕೊಟ್ಟಿಗೆ: ಬಂಗಾರದ ಚೊಕೊಬೊ ಸಾಕುವುದು ಹೇಗೆ?

ಕಾರವಾರದಲ್ಲಿರುವ ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದ. "ಮಾವಾ, ಎಷ್ಟು ಸಲ ಜೋಡಿ ಮಾಡಿದರೂ ಹಳದಿ ಮರಿಯೇ ಹುಟ್ಟುತ್ತಿದೆ. ಬಂಗಾರದ್ದು ಬರೋದೇ ಇಲ್ಲ." ಏನು ಹೇಳುತ್ತಿದ್ದಾನೆ ಅಂತ ತಕ್ಷಣ ಗೊತ್ತಾಯಿತು. ಅವನು ಮೊಬೈಲಿನಲ್ಲಿ 'ಫೈನಲ್ ಫ್ಯಾಂಟಸಿ 7' ಆಡುತ್ತಿದ್ದ. ಅದರಲ್ಲಿ ಚೊಕೊಬೊ ಅನ್ನುವ ಹಕ್ಕಿಗಳನ್ನು ಜೋಡಿ ಮಾಡಿ ಬೇರೆ ಬೇರೆ ಬಣ್ಣದ ಮರಿ ಪಡೆಯಬಹುದು. ಅದೇ ಆಟವನ್ನು ನಾನು ಸಿರ್ಸಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ದೊಡ್ಡಪ್ಪನ ಮನೆಯ ಹಳೆ ಕಂಪ್ಯೂಟರಿನಲ್ಲಿ ಆಡಿದ್ದೆ. ಬಂಗಾರದ ಹಕ್ಕಿಗೆ ನನಗೆ ಒಂದಿಡೀ ಮಳೆಗಾಲ ಹಿಡಿದಿತ್ತು.

ಅವನಿಗೆ ಎರಡು ಪ್ರಶ್ನೆ ಕೇಳಿದೆ. ಹಕ್ಕಿಗೆ ಸೊಪ್ಪು ಹಾಕಿದ್ಯಾ? ಓಡಿಸಿದ್ಯಾ? ಎರಡೂ ಇಲ್ಲ. ಹಿಡಿದು ತಂದ ದಿನವೇ ಜೋಡಿ ಮಾಡಿದ್ದ. ಹಸು ಸಾಕಿದ ಮನೆಯವರು ಯಾರೂ ಹೀಗೆ ಮಾಡುವುದಿಲ್ಲ. ಈ ಆಟ ಮಾಡಿದವರಿಗೂ ಕೊಟ್ಟಿಗೆಯ ಕೆಲಸ ಗೊತ್ತಿತ್ತು ಅನ್ನುವುದು ನನ್ನ ನಂಬಿಕೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಹಕ್ಕಿಯ ಪರಿಚಯ

ಚೊಕೊಬೊ ಅಂದರೆ ಕುದುರೆಯಷ್ಟು ಎತ್ತರದ, ಹಳದಿ ಗರಿಯ ದೊಡ್ಡ ಹಕ್ಕಿ. ಸಾಮಾನ್ಯವಾಗಿ ಹಾರುವುದಿಲ್ಲ, ಓಡುತ್ತದೆ. "ಕ್ವೇ" ಅಂತ ಕೂಗುತ್ತದೆ. ಫೈನಲ್ ಫ್ಯಾಂಟಸಿ ಸರಣಿ ಜಪಾನಿನಲ್ಲಿ 1987ರಲ್ಲಿ ಶುರುವಾಯಿತು. ಮೊದಲ ಆಟದಲ್ಲಿ ಈ ಹಕ್ಕಿ ಇರಲಿಲ್ಲ. 1988ರ ಎರಡನೇ ಆಟದಲ್ಲಿ ಬಂತು. ಇದನ್ನು ಕಲ್ಪಿಸಿದವರು ಕೊಯಿಚಿ ಇಶಿ. ಆಮೇಲೆ ಸರಣಿಯ ಪ್ರತಿ ಆಟದಲ್ಲೂ ಕಥೆ ಬೇರೆ, ಊರು ಬೇರೆ, ಜನ ಬೇರೆ. ಆದರೆ ಹಕ್ಕಿ ಮಾತ್ರ ಅದೇ. ಅದು ಬಂದಾಗ ಕೇಳುವ ರಾಗವೂ ಅದೇ. ನೊಬುವೊ ಉಯೆಮಾತ್ಸು ಮಾಡಿದ ರಾಗ ಅದು, ಪ್ರತಿ ಆಟದಲ್ಲಿ ತಾಳ ಬದಲಾಗುತ್ತದೆ ಅಷ್ಟೆ. ಹೊಸ ಆಟ ಶುರು ಮಾಡಿ ಗುರುತಿನವರು ಯಾರೂ ಇಲ್ಲ ಅನ್ನಿಸಿದಾಗ ಆ ರಾಗ ಕೇಳಿದರೆ, ನೆಂಟರ ಮನೆ ಬಾಗಿಲಲ್ಲಿ ನಮ್ಮೂರಿನವರು ಸಿಕ್ಕಂತೆ ಆಗುತ್ತದೆ.

ಚೊಕೊಬೊವನ್ನು ಕೊಟ್ಟಿಗೆಯಲ್ಲಿ ಕಟ್ಟಿ, ತಳಿ ಬೆಳೆಸುವ ಕೆಲಸ ಇರುವುದು 1997ರ ಏಳನೇ ಆಟದಲ್ಲಿ. ಅದೇ ಕಥೆಯನ್ನು ಹೊಸದಾಗಿ ಹೇಳುವ, 2024ರಲ್ಲಿ ಬಂದ 'ರೀಬರ್ತ್' ಆಟದಲ್ಲಿ ಈ ಪದ್ಧತಿ ಇಲ್ಲ, ಅಲ್ಲಿ ಪ್ರತಿ ಪ್ರದೇಶಕ್ಕೂ ಅಲ್ಲಿಯದೇ ಹಕ್ಕಿ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಹಳೆಯ ಆಟಕ್ಕೆ. ಅದು ಈಗ ಮೊಬೈಲಿನಲ್ಲೂ ಸಿಗುತ್ತದೆ, ಕಂಪ್ಯೂಟರಿನಲ್ಲೂ ಸಿಗುತ್ತದೆ.

ಬಣ್ಣ ಯಾಕೆ ಬೇಕು?

ನಮ್ಮ ಜಿಲ್ಲೆಯ ನಕ್ಷೆ ಕಣ್ಣ ಮುಂದೆ ಇಟ್ಟುಕೊಳ್ಳಿ. ಹಳದಿ ಹಕ್ಕಿ ಬಯಲಿನಲ್ಲಿ ಮಾತ್ರ ಓಡುತ್ತದೆ. ನೀಲಿ ಹಕ್ಕಿ ಹೊಳೆ ದಾಟುತ್ತದೆ. ತದಡಿಯಲ್ಲಿ ನಿಂತರೆ ಆಚೆ ದಡದ ಅಘನಾಶಿನಿ ಊರು ಕಣ್ಣೆದುರೇ ಇರುತ್ತದೆ, ರಸ್ತೆಯಲ್ಲಿ ಹೋದರೆ ಎಷ್ಟು ಸುತ್ತು! ನೀಲಿ ಇದ್ದರೆ ನೆಟ್ಟಗೆ ನೀರಿಗಿಳಿದು ಹೋಗಬಹುದು. ಹಸಿರು ಹಕ್ಕಿ ಬೆಟ್ಟ ಹತ್ತುತ್ತದೆ, ಅದಕ್ಕೆ ದೇವಿಮನೆ ಘಟ್ಟದ ತಿರುವುಗಳ ಹಂಗಿಲ್ಲ. ಕಪ್ಪು ಹಕ್ಕಿಗೆ ಹೊಳೆಯೂ ಸರಿ, ಬೆಟ್ಟವೂ ಸರಿ. ಬಂಗಾರದ್ದು ಸಮುದ್ರವನ್ನೇ ದಾಟುತ್ತದೆ. ಮುರ್ಡೇಶ್ವರದ ದಡದಿಂದ ನೇತ್ರಾಣಿ ದ್ವೀಪಕ್ಕೆ ಓಡಿಕೊಂಡೇ ಹೋದ ಹಾಗೆ.

ಆಟದ ಲೋಕದ ಈಶಾನ್ಯ ಮೂಲೆಯಲ್ಲಿ ಗುಂಡಗಿನ ಒಂದು ದ್ವೀಪ ಇದೆ. ನಕ್ಷೆ ತೆರೆದರೆ ಅದು ಕಾಣುವುದೇ ಇಲ್ಲ. ಅಲ್ಲಿಗೆ ಹೋಗಲು ಬಂಗಾರದ ಹಕ್ಕಿಯೇ ಬೇಕು. ಅಲ್ಲಿರುವ 'ನೈಟ್ಸ್ ಆಫ್ ದಿ ರೌಂಡ್' ಅನ್ನುವ ಮಟೀರಿಯಾ (ಶಕ್ತಿ ಕೊಡುವ ಮಾಯದ ಹರಳು) ಬಳಸಿದರೆ 13 ವೀರರು ಒಬ್ಬರ ಹಿಂದೆ ಒಬ್ಬರು ಬಂದು ಹೊಡೆಯುತ್ತಾರೆ. ಒಂದು ಸಲಕ್ಕೆ 250 ಎಂಪಿ, ಅಂದರೆ ಮಂತ್ರಶಕ್ತಿ, ಖರ್ಚು. ಆಟದಲ್ಲಿ ಅದಕ್ಕಿಂತ ದೊಡ್ಡ ಅಸ್ತ್ರ ಇಲ್ಲ.

ಮೊದಲು ಕೊಟ್ಟಿಗೆ, ಆಮೇಲೆ ಹಕ್ಕಿ

ಕಥೆಯಲ್ಲಿ ಹೈವಿಂಡ್ ಅನ್ನುವ ಹಾರುವ ಹಡಗು ನಿಮ್ಮ ಕೈಗೆ ಬರುವ ತನಕ ಈ ಕೆಲಸಕ್ಕೆ ಕೈ ಹಾಕಬೇಡಿ. ಅದಿಲ್ಲದೆ ಓಡಾಟ ಸಾಧ್ಯವಿಲ್ಲ. ಹಡಗು ಸಿಕ್ಕ ಮೇಲೆ ಕಾಮ್ ಊರಿನ ಹತ್ತಿರದ ಚೊಕೊಬೊ ಫಾರ್ಮಿಗೆ ಹೋಗಿ. ಮನೆಯೊಳಗಿರುವ ಅಜ್ಜ ಚೊಕೊ ಬಿಲ್ ಕೊಟ್ಟಿಗೆಯ ಗೂಡುಗಳನ್ನು ಬಾಡಿಗೆಗೆ ಕೊಡುತ್ತಾನೆ. ಒಂದಕ್ಕೆ 10,000 ಗಿಲ್ (ಗಿಲ್ ಅಂದರೆ ಆಟದ ದುಡ್ಡು). ಒಟ್ಟು ಆರು ಗೂಡು. ಆರನ್ನೂ ತೆಗೆದುಕೊಳ್ಳಿ. ಆರು ಅನ್ನುವ ಲೆಕ್ಕ ನೆನಪಿರಲಿ, ಕೊನೆಯಲ್ಲಿ ಅದೇ ತಲೆನೋವು ತರುತ್ತದೆ.

ಕೊಟ್ಟಿಗೆಯಲ್ಲಿರುವ ಮೊಮ್ಮಗ ಬಿಲಿಯ ಹತ್ತಿರ 2,000 ಗಿಲ್‌ಗೆ 'ಚೊಕೊಬೊ ಲೂರ್' ಮಟೀರಿಯಾ ಸಿಗುತ್ತದೆ. ಅದನ್ನು ತೊಟ್ಟುಕೊಳ್ಳದಿದ್ದರೆ ಕಾಡು ಹಕ್ಕಿ ಎದುರಿಗೇ ಬರುವುದಿಲ್ಲ.

ದುಡ್ಡಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಲಕ್ಷಗಟ್ಟಲೆ ಗಿಲ್ ಬೇಕು. 'ಆಲ್' ಅನ್ನುವ ಮಟೀರಿಯಾವನ್ನು ಪೂರ್ತಿ ಬೆಳೆಸಿ ಮಾರಿದರೆ 14 ಲಕ್ಷ ಗಿಲ್ ಸಿಗುತ್ತದೆ. ಒಂದೆರಡು ಮಾರಿದರೆ ಸಾಕು.

ಹಿಡಿಯುವ ರೀತಿ

ನಕ್ಷೆಯಲ್ಲಿ ಹಕ್ಕಿಯ ಹೆಜ್ಜೆ ಗುರುತು ಕಾಣುವ ಜಾಗದಲ್ಲಿ ತಿರುಗಾಡಿ. ಹಕ್ಕಿ ಒಂಟಿಯಾಗಿ ಬರುವುದಿಲ್ಲ, ಶತ್ರುಗಳ ಜೊತೆ ಬರುತ್ತದೆ. ಬಂದ ಕೂಡಲೇ ಅದರ ಮುಂದೆ ಸೊಪ್ಪು ಎಸೆಯಿರಿ. ತಿನ್ನುತ್ತಾ ನಿಂತಿರುತ್ತದೆ. ಅಷ್ಟರಲ್ಲಿ ಉಳಿದವರನ್ನು ಮುಗಿಸಬೇಕು. ಬಿಲಿ ಮಾರುವ ಸೊಪ್ಪುಗಳಲ್ಲಿ ಗೈಸಾಲ್ 100 ಗಿಲ್, ಮಿಮೆಟ್ 1,500 ಗಿಲ್. ಮಿಮೆಟ್ ತಿನ್ನಲು ಹಕ್ಕಿ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಹಾಗಾಗಿ ಅದನ್ನೇ ಕೊಳ್ಳಿ. ಎಲ್ಲರ ಮೇಲೂ ಒಟ್ಟಿಗೆ ಬೀಳುವ ಮಂತ್ರ ಮಾತ್ರ ಬಳಸಬೇಡಿ. ಹಕ್ಕಿಗೆ ಪೆಟ್ಟು ಬಿದ್ದರೆ ಕೆಲಸ ಕೆಟ್ಟಿತು.

ಕಣ್ಣಿಗೆ ಎಲ್ಲ ಹಕ್ಕಿಗಳೂ ಒಂದೇ ಥರ. ಆದರೆ ಒಳಗೆ ಗುಣದ ದರ್ಜೆ ಇದೆ. ಫಾರ್ಮಿನವರು ಹಕ್ಕಿ ನೋಡಿ ಹೇಳುವ ಮಾತಿನಲ್ಲಿ ಅದು ಗೊತ್ತಾಗುತ್ತದೆ: 'ಗುಡ್', 'ಗ್ರೇಟ್', 'ವಂಡರ್‌ಫುಲ್'. ಇದಕ್ಕಿಂತ ಕೆಳಗಿನ ಮಾತು ಬಂದರೆ ಆ ಹಕ್ಕಿ ಈ ಕೆಲಸಕ್ಕೆ ಆಗದು, ಬಿಟ್ಟುಬಿಡಿ. ನಮ್ಮ ಹುಡುಗನ ಮೊದಲ ತಪ್ಪು ಇಲ್ಲೇ ಆಗಿತ್ತು. ಫಾರ್ಮಿನ ಪಕ್ಕದಲ್ಲೇ ಸಿಕ್ಕ ಎರಡು ಹಕ್ಕಿ ತಂದು ಕಟ್ಟಿದ್ದ.

ಗೋಲ್ಡ್ ಸಾಸರ್ ಅನ್ನುವ ಮನರಂಜನೆ ಪಾರ್ಕಿನ ಸುತ್ತಲಿನ ಹೆಜ್ಜೆ ಗುರುತಿನಲ್ಲಿ ಗುಡ್ ಮತ್ತು ಗ್ರೇಟ್ ಹಕ್ಕಿಗಳು ಸಿಗುತ್ತವೆ. ಅಲ್ಲಿಂದ ಒಂದು ಗಂಡು, ಒಂದು ಹೆಣ್ಣು ಬೇಕು. ಗಂಡೋ ಹೆಣ್ಣೋ ಅನ್ನುವುದು ಗೂಡಿಗೆ ಸೇರಿಸಿದ ಮೇಲೆ ತಿಳಿಯುತ್ತದೆ, ಎರಡೂ ಒಂದೇ ಆದರೆ ಮತ್ತೆ ಹೋಗಿ ಹಿಡಿಯಬೇಕು. ನಮ್ಮ ಮೊದಲ ಹೆಣ್ಣು ಹಕ್ಕಿಗೆ ಮನೆಯ ಮಲೆನಾಡು ಗಿಡ್ಡ ಹಸುವಿನ ಹೆಸರನ್ನೇ ಇಟ್ಟಿದ್ದೆವು, ಗೌರಿ ಅಂತ.

ಸೊಪ್ಪು ಮತ್ತು ಓಟ

ಈ ಕೆಲಸದ ಜೀವ ಇರುವುದೇ ಇಲ್ಲಿ. ಜೋಡಿ ಮಾಡುವಾಗ ಹಕ್ಕಿಗಳಿಗೆ ಒಂದು ಕಾಯಿ ಕೊಡಬೇಕು, ಅದರ ಮಾತು ಮುಂದೆ ಬರುತ್ತದೆ. ಬರೀ ಕಾಯಿ ಕೊಟ್ಟು ಜೋಡಿ ಮಾಡಿದರೆ ಬಣ್ಣ ಬರುವುದು ಅದೃಷ್ಟ. ಸಾಕಿ, ಓಡಿಸಿ ಜೋಡಿ ಮಾಡಿದರೆ ಬಣ್ಣ ಬಂದೇ ಬರುತ್ತದೆ.

ಉತ್ತರದ ಖಂಡದಲ್ಲಿ, ಬೆಟ್ಟಗಳ ನಡುವೆ, ಚೊಕೊಬೊ ಸೇಜ್ ಅನ್ನುವ ಮುದುಕನ ಮನೆ ಇದೆ. ಹಡಗಿನಲ್ಲಿ ಹೋಗಿ ಹುಡುಕಿ. ಅವನಿಗೆ ಮರೆವು ಜಾಸ್ತಿ. ಒಂದು ವಿಷಯ ಹೇಳಿ ನಿಲ್ಲಿಸುತ್ತಾನೆ, ಕೆಲವು ಯುದ್ಧ ಮುಗಿಸಿ ಹೋದರೆ ಇನ್ನೊಂದು ನೆನಪಾಗುತ್ತದೆ. ನನಗೆ ಅವನು ನಮ್ಮೂರಿನ ನಾಟಿ ವೈದ್ಯರ ಹಾಗೆ ಕಾಣುತ್ತಿದ್ದ. ಅವನ ಹತ್ತಿರ ಸಿಲ್ಕಿಸ್ ಸೊಪ್ಪು ಸಿಗುತ್ತದೆ, ಒಂದಕ್ಕೆ 5,000 ಗಿಲ್. ಎಲ್ಲದರಲ್ಲಿ ಉತ್ತಮ ಸೊಪ್ಪು ಅದು. ನಾನು ಪ್ರತಿ ಹಕ್ಕಿಗೆ ಹತ್ತು ಹಾಕುತ್ತಿದ್ದೆ. ವೇಗ, ದಮ್ಮು, ಬುದ್ಧಿ ಎಲ್ಲ ಏರುತ್ತದೆ, ತಂದೆ ತಾಯಿಯ ಬಲ ಮರಿಗೂ ಇಳಿಯುತ್ತದೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಹೇಗೋ ಈ ಕೊಟ್ಟಿಗೆಗೆ ಆ ಮುದುಕನ ಮನೆ ಹಾಗೆ.

ಸೊಪ್ಪು ತಿನ್ನಿಸಿದ ಮೇಲೆ ಗೋಲ್ಡ್ ಸಾಸರಿನ ಚೊಕೊಬೊ ಸ್ಕ್ವೇರಿಗೆ ಹೋಗಿ. ಒಳಗೆ ಹೋಗಲು ಒಂದು ಸಲಕ್ಕೆ 3,000 ಗಿಲ್, ಶಾಶ್ವತ ಪಾಸಿಗೆ 30,000. ಎಷ್ಟೋ ಸಲ ಹೋಗಬೇಕಾಗುತ್ತದೆ, ಪಾಸೇ ತೆಗೆದುಕೊಳ್ಳಿ. ಅಲ್ಲಿ ಎಸ್ತರ್ ಅನ್ನುವವಳ ಹತ್ತಿರ ಮಾತಾಡಿದರೆ ನಿಮ್ಮ ಹಕ್ಕಿಯನ್ನು ಓಟಕ್ಕೆ ಇಳಿಸುತ್ತಾಳೆ. ಹೊಸ ಹಕ್ಕಿ ಸಿ ದರ್ಜೆಯಲ್ಲಿ ಶುರು. ಮೂರು ಸಲ ಗೆದ್ದರೆ ಬಿ, ಮತ್ತೆ ಮೂರಕ್ಕೆ ಎ, ಮತ್ತೆ ಮೂರಕ್ಕೆ ಎಸ್.

ಜೋಡಿ ಮಾಡುವಾಗ ತಂದೆ ತಾಯಿ ಎರಡೂ ಗೆದ್ದ ಓಟಗಳ ಒಟ್ಟು ಲೆಕ್ಕ ನಡೆಯುತ್ತದೆ. ಬಣ್ಣ ದೊಡ್ಡದಾದಷ್ಟೂ ಹೆಚ್ಚು ಗೆಲುವು ಬೇಕು. ನನ್ನ ರೂಢಿ ಸರಳ: ಮೊದಲ ಹಳದಿ ಜೋಡಿ ಬಿ ದರ್ಜೆಗೆ ಬರಲಿ, ನೀಲಿ ಮತ್ತು ಹಸಿರು ಎ ದರ್ಜೆಗೆ, ಬಂಗಾರಕ್ಕೆ ಮುಂಚಿನ ಜೋಡಿ ಎಸ್ ದರ್ಜೆಗೆ. ಹೆಚ್ಚಾದರೆ ನಷ್ಟ ಇಲ್ಲ.

ಓಟದಲ್ಲಿ ಮೊದಲಿನಿಂದಲೇ ಜೋರಾಗಿ ಓಡಿಸಿದರೆ ಹಕ್ಕಿಯ ದಮ್ಮು ಮುಗಿಯುತ್ತದೆ. ಅರ್ಧ ದಾರಿ ಹಿಡಿದು ಓಡಿಸಿ, ಕೊನೆಗೆ ಬಿಡಿ. ಪ್ಲೇಸ್ಟೇಷನ್ನಿನಲ್ಲಿ ಆಡುವವರು ಆರ್1 ಮತ್ತು ಆರ್2 ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ದಮ್ಮು ಮರಳಿ ತುಂಬುತ್ತದೆ. ಮೇಲಿನ ದರ್ಜೆಗಳಲ್ಲಿ ಜೋ ಅನ್ನುವ ಸವಾರ ಕಪ್ಪು ಹಕ್ಕಿಯ ಮೇಲೆ ಬರುತ್ತಾನೆ. ಅವನನ್ನು ಸೋಲಿಸುವುದು ಕಷ್ಟ. ಆದರೆ ಸಿಲ್ಕಿಸ್ ತಿಂದ ಹಕ್ಕಿಗೆ ಆಗುತ್ತದೆ.

ಎರಡು ಕಾಯಿ

ಬಣ್ಣ ಬರಲು ಜೋಡಿಗೆ ಒಂದು ಕಾಯಿ ಕೊಡಬೇಕು. ಅಂಗಡಿಯ ಕಾಯಿ ಸಾಲದು, ಯುದ್ಧದಲ್ಲಿ ಶತ್ರುಗಳಿಂದ ಕದ್ದೇ ತರಬೇಕು. ಕಾರಬ್ ಕಾಯಿ ಬೋನ್ ವಿಲೇಜ್ ಅನ್ನುವ ಊರಿನ ಸುತ್ತಲಿನ ಹುಲ್ಲುಗಾವಲಿನಲ್ಲಿ ಸಿಗುವ ವ್ಲಾಕೊರಾಡೊಸ್ ಅನ್ನುವ ದೊಡ್ಡ ಪ್ರಾಣಿಯ ಹತ್ತಿರ ಇದೆ. ಇದು ಮೂರು ಬೇಕು. ಝೀಯೋ ಕಾಯಿ ಗಾಬ್ಲಿನ್ ದ್ವೀಪದ ಕಾಡಿನ ಗಾಬ್ಲಿನ್‌ಗಳ ಹತ್ತಿರ. ಒಂದು ಸಾಕು, ನಾನು ಯಾವಾಗಲೂ ಎರಡು ಇಟ್ಟುಕೊಳ್ಳುತ್ತೇನೆ.

ಜೋಡಿ ಮಾಡುವ ಕ್ರಮ

ಪ್ರತಿ ಸಲ ಜೋಡಿ ಮಾಡುವ ಮುಂಚೆ ಫಾರ್ಮಿನಿಂದ ಹೊರಗೆ ಬಂದು ಸೇವ್ ಮಾಡಿ. ಬೇಡದ ಬಣ್ಣ ಬಂದರೆ, ಗಂಡು ಬೇಕಾದ ಕಡೆ ಹೆಣ್ಣು ಬಂದರೆ, ಹಿಂದಿನ ಸೇವ್‌ಗೆ ಹೋಗಬಹುದು. ಕಂಪ್ಯೂಟರಿನಲ್ಲಿ ಆಡುವವರಿಗೆ ಇನ್ನೊಂದು ಕಾರಣವೂ ಇದೆ. ಘಟ್ಟದ ಮೇಲೆ ಜೋರು ಮಳೆ ಬಂದರೆ ಕರೆಂಟ್ ಇರುವುದಿಲ್ಲ ಅಲ್ವಾ. ನಮ್ಮ ಮೊದಲ ಹಸಿರು ಮರಿ ಹುಟ್ಟಿ ಐದು ನಿಮಿಷ ಆಗಿತ್ತು, ಕರೆಂಟ್ ಹೋಯಿತು. ದೊಡ್ಡಪ್ಪನ ಮಗ ಕತ್ತಲಲ್ಲಿ ಕೂತು ಅತ್ತಿದ್ದ.

ಹಳದಿ ಜೋಡಿಗೆ ಕಾರಬ್ ಕಾಯಿ ಕೊಟ್ಟರೆ ನೀಲಿ ಅಥವಾ ಹಸಿರು ಮರಿ. ಒಂದಷ್ಟು ಯುದ್ಧ ಮಾಡಿ ಬನ್ನಿ. ಹಕ್ಕಿಗಳಿಗೆ ವಿಶ್ರಾಂತಿ ಬೇಕು, ಅಲ್ಲಿಯ ತನಕ ಮತ್ತೆ ಜೋಡಿ ಆಗುವುದಿಲ್ಲ. ಆಮೇಲೆ ಅದೇ ಜೋಡಿಗೆ ಇನ್ನೊಂದು ಕಾರಬ್ ಕೊಟ್ಟು ಉಳಿದ ಬಣ್ಣ ಪಡೆಯಿರಿ. ನೀಲಿ ಗಂಡಾದರೆ ಹಸಿರು ಹೆಣ್ಣಾಗಬೇಕು, ಇಲ್ಲವೆ ತಿರುಗಾ ಮುರುಗಾ. ಮರಿಗಳು ದೊಡ್ಡವಾಗಲು ಮತ್ತೆ ಕೆಲವು ಯುದ್ಧ ಆಗಬೇಕು. ಆ ಹೊತ್ತಿನಲ್ಲಿ ಕಾಯಿ ಕದಿಯಿರಿ, ದುಡ್ಡು ಮಾಡಿಕೊಳ್ಳಿ.

ನೀಲಿ ಮತ್ತು ಹಸಿರು ಬೆಳೆದು, ಸೊಪ್ಪು ತಿಂದು, ಓಡಿ ಗೆದ್ದ ಮೇಲೆ ಮೂರನೇ ಕಾರಬ್. ಮರಿ ಕಪ್ಪು.

ಈಗ ಐಸಿಕಲ್ ಇನ್ ಅನ್ನುವ ಊರಿನ ಹತ್ತಿರದ ಹಿಮಕ್ಕೆ ಹೋಗಿ. ಅಲ್ಲಿ ಜಂಪಿಂಗ್ ಅನ್ನುವ ಮೊಲದಂಥ ಶತ್ರುಗಳ ಜೊತೆ ಬರುವ ಹಕ್ಕಿ 'ವಂಡರ್‌ಫುಲ್' ದರ್ಜೆಯದು. ಕಪ್ಪು ಹಕ್ಕಿಗೆ ಜೋಡಿಯಾಗುವಂಥದ್ದನ್ನು ಹಿಡಿಯಿರಿ, ಅಂದರೆ ಅದು ಗಂಡಾಗಿದ್ದರೆ ಇದು ಹೆಣ್ಣು. ಇದಕ್ಕೂ ಸೊಪ್ಪು, ಇದಕ್ಕೂ ಓಟ. ತುದಿ ಕಾಣುತ್ತಿದೆ ಅಂತ ಇಲ್ಲಿ ಆತುರ ಮಾಡುವವರೇ ಜಾಸ್ತಿ. ಎರಡನ್ನೂ ಎಸ್ ದರ್ಜೆಗೆ ತಂದು, ಝೀಯೋ ಕಾಯಿ ಕೊಡಿ. ಬಂಗಾರದ ಮರಿ ಹುಟ್ಟುತ್ತದೆ.

ಇದೆಲ್ಲ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಮರುಭೂಮಿಯಲ್ಲಿರುವ ರೂಬಿ ವೆಪನ್ ಅನ್ನು ಸೋಲಿಸಿ, ಅದು ಕೊಡುವ ಡೆಸರ್ಟ್ ರೋಸನ್ನು ಕಾಮ್ ಊರಿನ ಪ್ರಯಾಣಿಕನಿಗೆ ಕೊಟ್ಟರೆ ಅವನೇ ಬಂಗಾರದ ಹಕ್ಕಿ ಕೊಡುತ್ತಾನೆ. ಆದರೆ ರೂಬಿಯನ್ನು ಸೋಲಿಸಲು ಹೆಚ್ಚಿನವರಿಗೆ ಆ 13 ವೀರರೇ ಬೇಕಾಗುತ್ತಾರೆ. ಸಾಕುವುದೇ ಹತ್ತಿರದ ದಾರಿ.

ಏಳನೇ ಹಕ್ಕಿಗೆ ಜಾಗ

ಈಗ ಲೆಕ್ಕ ಹಾಕಿ. ಹಳದಿ ಜೋಡಿ ಎರಡು, ನೀಲಿ ಒಂದು, ಹಸಿರು ಒಂದು, ಕಪ್ಪು ಒಂದು, ಹಿಮದ ಹಕ್ಕಿ ಒಂದು. ಆರು ಗೂಡೂ ತುಂಬಿತು. ಬಂಗಾರದ ಮರಿಗೆ ಜಾಗ ಇಲ್ಲ. ಒಂದನ್ನು ಬಿಡಲೇಬೇಕು. ಬಿಟ್ಟ ಹಕ್ಕಿ ತಿರುಗಿ ಬರುವುದಿಲ್ಲ.

ಉಪಯೋಗದ ಲೆಕ್ಕದಲ್ಲಿ ನೀಲಿಯನ್ನೋ ಹಸಿರನ್ನೋ ಬಿಡಬೇಕು. ಆ ಎರಡರ ಕೆಲಸವನ್ನೂ ಕಪ್ಪು ಒಂದೇ ಮಾಡುತ್ತದೆ. ಹಳದಿ ಜೋಡಿಯನ್ನು ಬಿಟ್ಟರೂ ನಡೆಯುತ್ತದೆ. ಆದರೆ ನಾವು ಗೌರಿಯನ್ನು ಬಿಡಲಿಲ್ಲ. ಆ ವರ್ಷ ಮನೆಯಲ್ಲಿ ಹುಲ್ಲು ಸಾಲದೆ ಒಂದು ಕರುವನ್ನು ನೆಂಟರ ಮನೆಗೆ ಕೊಟ್ಟಿದ್ದರು. ಅದು ಹೋದ ಮೇಲೆ ಎರಡು ದಿನ ಗೌರಿ ಅಕ್ಕಚ್ಚು ಕುಡಿಯಲಿಲ್ಲ. ಪರದೆಯ ಮೇಲಿನ ಗೌರಿಯನ್ನು ಬಿಡುವ ಮಾತು ನಮ್ಮ ಬಾಯಲ್ಲಿ ಬರಲೇ ಇಲ್ಲ. ನೀಲಿಯನ್ನು ಬಿಟ್ಟೆವು.

ಕಾರವಾರದ ಹುಡುಗ ಇಷ್ಟನ್ನೂ ಮಾಡಿದ. ಆರು ವಾರ ಹಿಡಿಯಿತು. ಬಂಗಾರದ ಹಕ್ಕಿ ಮೊದಲ ಸಲ ಸಮುದ್ರಕ್ಕೆ ಕಾಲಿಟ್ಟಾಗ ವಿಡಿಯೊ ಕಾಲ್ ಮಾಡಿ ತೋರಿಸಿದ. ಯಾವುದನ್ನು ಬಿಟ್ಟೆ ಅಂತ ಕೇಳಿದೆ. ಹಸಿರನ್ನು ಅಂದ. ಬಿಡುವ ಮುಂಚೆ ಬೇರೆ ಜಾಗದಲ್ಲಿ ಒಂದು ಸೇವ್ ಮಾಡಿಟ್ಟಿದ್ದಾನೆ. ಅದರಲ್ಲಿ ಆರು ಹಕ್ಕಿಗಳೂ ಕೊಟ್ಟಿಗೆಯಲ್ಲೇ ಇವೆ, ಆಗಾಗ ತೆರೆದು ಸುಮ್ನೆ ನೋಡಿ ಬರುತ್ತಾನಂತೆ.