ಮೆಣಸಿನ ಗಿಡಕ್ಕೆ 1000 ಪಿಪಿಎಂ ಎಂದರೆ ಎಷ್ಟು?

ಕುಂಡದಲ್ಲಿ ಮೆಣಸಿನ ಗಿಡ ಬೆಳೆಸಲು ತೊಡಗಿದ ಮೊದಲ ವರ್ಷವೇ ಎಲೆಗಳ ತುದಿ ಕಂದುಬಣ್ಣಕ್ಕೆ ತಿರುಗಿ ಸುಟ್ಟಂತಾಯಿತು. ಹೂ ಬಿಡುವ ಹೊತ್ತಿಗೆ ಗೊಬ್ಬರದ ನೀರು 1000 ಪಿಪಿಎಂ ಇರಬೇಕೆಂದು ಕೈಪಿಡಿ ಹೇಳಿತ್ತು. ನನ್ನ ಮೀಟರ್ ಕೂಡ ಸರಿಯಾಗಿ 1000 ತೋರಿಸುತ್ತಿತ್ತು. ಹಾಗಾದರೆ ತಪ್ಪು ಎಲ್ಲಿ?

ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ನೀರಿನ ಲೆಕ್ಕದಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ. ಆದರೆ ಕೈಯಲ್ಲಿ ಹಿಡಿಯುವ ಮೀಟರ್ ಲವಣವನ್ನು ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದಷ್ಟೇ ಅಳೆಯುತ್ತದೆ. ಅದೇ ಇಸಿ, ಅಂದರೆ ವಿದ್ಯುತ್ ವಾಹಕತೆ; ಅದರ ಮಾನ ಸೆಂಟಿಮೀಟರಿಗೆ ಇಷ್ಟು ಮಿಲಿಸೀಮೆನ್ಸ್. ಅದನ್ನು ಒಂದು ನಿಗದಿತ ಸಂಖ್ಯೆಯಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ಕೆಲವು ಮೀಟರ್‌ಗಳು 500ರಿಂದ ಗುಣಿಸಿದರೆ, ಇನ್ನು ಕೆಲವು 700ರಿಂದ ಗುಣಿಸುತ್ತವೆ. ಕೈಪಿಡಿ ಬರೆದವರದು 700ರ ಲೆಕ್ಕ: ಅವರ 1000 ಪಿಪಿಎಂ ಎಂದರೆ ಸೆಂಟಿಮೀಟರಿಗೆ ಸುಮಾರು 1.4 ಮಿಲಿಸೀಮೆನ್ಸ್. ನನ್ನದು 500ರ ಲೆಕ್ಕ: ಅದೇ 1000 ತೋರಿಸಬೇಕಾದರೆ ನೀರು 2.0 ಮಿಲಿಸೀಮೆನ್ಸ್ ಇರಬೇಕು. ಅಂಕಿ ಒಂದೇ, ಗೊಬ್ಬರ ಮಾತ್ರ ಶೇ. 40ರಷ್ಟು ಹೆಚ್ಚು!

ಕುಂಡದ ತಳದಿಂದ ಧಾರಾಳವಾಗಿ ಹೊರಹರಿಯುವವರೆಗೆ ಬರಿಯ ನೀರು ಹಾಯಿಸಿ ಲವಣ ತೊಳೆದೆ. ಸುಟ್ಟ ತುದಿಗಳು ಮತ್ತೆ ಹಸಿರಾಗಲಿಲ್ಲ, ಆಗುವುದೂ ಇಲ್ಲ. ಹೊಸ ಎಲೆಗಳು ಚೆನ್ನಾಗಿ ಬಂದವು. ಅಂದಿನಿಂದ ನಾನು ಇಸಿಯನ್ನು ಮಾತ್ರ ನೋಡುತ್ತೇನೆ. ಯಾವ ಲೆಕ್ಕದ ಪಿಪಿಎಂ ಎಂದು ಹೇಳದ ಕೈಪಿಡಿಯ ಅಂಕಿಯನ್ನು ನಂಬುವುದಿಲ್ಲ. ಕೃಷಿ ಪುಸ್ತಕಗಳಲ್ಲಿ ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂದು ಕಂಡರೆ ಗಾಬರಿ ಬೇಡ, ಅದೂ ಸೆಂಟಿಮೀಟರಿಗೆ ಮಿಲಿಸೀಮೆನ್ಸ್ ಎನ್ನುವುದೂ ಒಂದೇ.

ಗೊಬ್ಬರದ ಚೀಟಿಯಲ್ಲಿಯೂ ಇಂಥದೇ ಒಂದು ತೊಡಕಿದೆ. 20-20-20 ಎಂದಿದ್ದರೆ ಸಾರಜನಕ, ರಂಜಕ, ಪೊಟ್ಯಾಷಿಯಂ ಮೂರೂ ತೂಕದಲ್ಲಿ ಶೇ. 20ರಂತೆ ಸಮ ಎಂದೇ ಬಹಳ ಕಾಲ ತಿಳಿದಿದ್ದೆ. ಆದರೆ ರಂಜಕ ಮತ್ತು ಪೊಟ್ಯಾಷಿಯಂಗಳನ್ನು ಅಲ್ಲಿ ಆಕ್ಸೈಡ್ ರೂಪದಲ್ಲಿ ಲೆಕ್ಕ ಹಾಕಿರುತ್ತಾರೆ. ಶುದ್ಧ ಧಾತುವಿನ ಲೆಕ್ಕಕ್ಕೆ ತರಲು ರಂಜಕದ ಅಂಕಿಯನ್ನು 0.44ರಿಂದ, ಪೊಟ್ಯಾಷಿಯಂನದನ್ನು 0.83ರಿಂದ ಗುಣಿಸಬೇಕು. ಲೀಟರಿಗೆ ಒಂದು ಗ್ರಾಂ ಕರಗಿಸಿದರೆ ಸಾರಜನಕ 200 ಪಿಪಿಎಂ, ಪೊಟ್ಯಾಷಿಯಂ 166, ರಂಜಕ ಕೇವಲ 88. ಈ ಪಿಪಿಎಂ ನಿಜವಾದ ತೂಕದ ಲೆಕ್ಕ, ಮೀಟರ್ ತೋರಿಸುವ ಪಿಪಿಎಂ ಅಲ್ಲ. ಎರಡಕ್ಕೂ ಒಂದೇ ಹೆಸರಿಟ್ಟಿರುವುದು ಹೊಸಬರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪಿಎಚ್ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ: ಅದು ಸಮ ಮೆಟ್ಟಿಲುಗಳ ಅಳತೆಯಲ್ಲ. 6ರಿಂದ 7ಕ್ಕೆ ಹೋದರೆ ಆಮ್ಲೀಯತೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅರ್ಧ ಅಂಕಿ ಏರಿದರೂ ಸುಮಾರು ಮೂರನೇ ಒಂದು ಭಾಗಕ್ಕೆ.

ಬೆಳಕಿನ ಅಳತೆ ನನಗೆ ಕೊನೆಗೆ ಅರ್ಥವಾಯಿತು. ಲಕ್ಸ್ ಮನುಷ್ಯರ ಕಣ್ಣಿಗಾಗಿ ಇರುವ ಮಾನ. ನಮ್ಮ ಕಣ್ಣು ಹಸಿರು ಬೆಳಕನ್ನು ಹೆಚ್ಚು ಗ್ರಹಿಸುತ್ತದೆ. ಗಿಡಕ್ಕೆ ಬೇಕಾದದ್ದು ಎಲೆಯ ಮೇಲೆ ಬೀಳುವ ಬೆಳಕಿನ ಕಣಗಳ ಎಣಿಕೆ. ಡಜನ್ ಎಂದರೆ ಹನ್ನೆರಡು ಎನ್ನುವಂತೆ ಮೋಲ್ ಎಂಬುದು ಒಂದು ಬೃಹತ್ ಎಣಿಕೆಯ ಹೆಸರು. ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಮೋಲ್. ಚದರ ಮೀಟರಿಗೆ ಸೆಕೆಂಡಿಗೆ 300 ಮೈಕ್ರೋಮೋಲ್ ಬೀಳಿಸುವ ದೀಪವನ್ನು 16 ಗಂಟೆ ಉರಿಸಿದರೆ ದಿನಕ್ಕೆ 17 ಮೋಲ್‌ಗಿಂತ ತುಸು ಹೆಚ್ಚು. 12 ಗಂಟೆ ಉರಿಸಿದರೆ 13. ಈ ಗುಣಾಕಾರ ಕಲಿತ ಮೇಲೆ ದೀಪವನ್ನು ಎತ್ತರಿಸಿದಾಗ ಎಷ್ಟು ಗಂಟೆ ಹೆಚ್ಚಿಸಬೇಕೆಂದು ಊಹಿಸುವ ಬದಲು ಲೆಕ್ಕ ಹಾಕಿಯೇ ನಿರ್ಧರಿಸುತ್ತಿದ್ದೇನೆ.