ಕಡಿಮೆ ಬಜೆಟ್‌ನ ಲ್ಯಾಪ್‌ಟಾಪ್: ಆಮೇಲೆ ಬದಲಾಯಿಸೋಕೆ ಆಗದ್ದನ್ನು ಮೊದಲು ನೋಡಿ

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ದಿನವಿಡೀ ಎಕ್ಸೆಲ್, ಬ್ರೌಸರ್, ಮೇಲ್, ಪಿಡಿಎಫ್. ಕಂಪ್ಯೂಟರ್ ಓದಿದವಳಲ್ಲ. ಆದರೂ ಆಫೀಸಿನಲ್ಲಿ ಯಾರ ಲ್ಯಾಪ್‌ಟಾಪ್ ಹ್ಯಾಂಗ್ ಆದರೂ ಅದು ಮೊದಲು ನನ್ನ ಟೇಬಲ್‌ಗೇ ಬರುತ್ತದೆ. ಹಾಗಾಗಿ "ಜಾಸ್ತಿ ದುಡ್ಡಿಲ್ಲ, ಸುಮಾರಾಗಿ ಕೆಲಸ ನಡೆದರೆ ಸಾಕು, ಯಾವುದು ತಗೊಳ್ಳಲಿ?" ಅಂತ ಕೇಳುವವರೂ ಬಹಳ. ಅವರಿಗೆ ನಾನು ಮಾಡೆಲ್ ಹೆಸರು ಹೇಳುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ: ಆಮೇಲೆ ಬದಲಾಯಿಸೋಕೆ ಆಗದೇ ಇರುವುದಕ್ಕೆ ಮೊದಲು ದುಡ್ಡು ಹಾಕಿ. ಬದಲಾಯಿಸಬಹುದಾದ ಕಡೆ ಕೈ ಬಿಗಿ ಹಿಡಿದರೂ ನಡೆಯುತ್ತದೆ.

ಪರದೆ, ಕೀಬೋರ್ಡ್, ಪ್ರೊಸೆಸರ್ ಕೊಂಡ ದಿನ ಹೇಗಿವೆಯೋ ಕೊನೆವರೆಗೂ ಹಾಗೇ. ಫೈಲ್ ಉಳಿಸಿಡುವ ಎಸ್‌ಎಸ್‌ಡಿಯನ್ನು ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಿಚ್ಚಿ ದೊಡ್ಡದು ಹಾಕಿಸಬಹುದು. ರ್‍ಯಾಮ್ (ತೆರೆದಿಟ್ಟ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳುವ ಮೆಮೊರಿ) ಮಾತ್ರ ಎರಡೂ ಕಡೆ ಸೇರುತ್ತದೆ, ಎಡವಟ್ಟಾಗುವುದೂ ಅಲ್ಲೇ.

ಅದನ್ನೇ ಮೊದಲು ಹೇಳುತ್ತೇನೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಸಾಕು ಎಂದು ಮೈಕ್ರೋಸಾಫ್ಟ್ ಬರೆದುಕೊಂಡಿದೆ. ಕಂಪ್ಯೂಟರ್ ಆನ್ ಆಗೋಕೆ ಸಾಕು, ಅಷ್ಟೇ. ಬ್ರೌಸರ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದು, ಪಕ್ಕದಲ್ಲಿ ಒಂದು ವಿಡಿಯೋ ಮೀಟಿಂಗ್ ಹಾಕಿಕೊಂಡರೆ ಅದಕ್ಕೆ ಉಸಿರುಗಟ್ಟುತ್ತದೆ. ರ್‍ಯಾಮ್ ತುಂಬಿದ ಮೇಲೆ ವಿಂಡೋಸ್ ಡಿಸ್ಕ್‌ನಲ್ಲೇ ಜಾಗ ಮಾಡಿಕೊಂಡು ಅಲ್ಲಿ ಇಲ್ಲಿ ಓಡಾಡುತ್ತಿರುತ್ತದೆ. ನಾವು ಹ್ಯಾಂಗ್ ಅನ್ನುವುದು ಹೆಚ್ಚಾಗಿ ಇದನ್ನೇ. ಹಾಗಾಗಿ 4 ಜಿಬಿಯದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಲಾಜಿಲ್ಲದೆ ಬಿಡಿ. 8 ಜಿಬಿ ಕನಿಷ್ಠ. 16 ಇದ್ದರೆ ನಾಲ್ಕೈದು ವರ್ಷ ತಲೆ ಕೆಡಿಸಿಕೊಳ್ಳಬೇಕಿಲ್ಲ.

8 ಜಿಬಿಯದ್ದು ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಆಮೇಲೆ ಹೆಚ್ಚಿಸಬಹುದಾ? ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೇರೆ ಕಡ್ಡಿಯಾಗಿ ಸ್ಲಾಟ್‌ನಲ್ಲಿ ಕೂತಿರುತ್ತದೆ. ಇನ್ನು ಕೆಲವದರಲ್ಲಿ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ವಿವರಗಳಲ್ಲಿ ರ್‍ಯಾಮ್‌ನ ಜಾತಿ ಎಲ್‌ಪಿಡಿಡಿಆರ್4ಎಕ್ಸ್ ಅಥವಾ ಎಲ್‌ಪಿಡಿಡಿಆರ್5 ಎಂದಿದ್ದರೆ ಈ ದರ್ಜೆಯ ಲ್ಯಾಪ್‌ಟಾಪ್‌ನಲ್ಲಿ ಅದು ಬೆಸುಗೆ ಹಾಕಿದ್ದೇ. ಬರೀ ಡಿಡಿಆರ್4 ಅಥವಾ ಡಿಡಿಆರ್5 ಎಂದಿದ್ದರೆ ಸ್ಲಾಟ್ ಇರುವ ಸಾಧ್ಯತೆ ಜಾಸ್ತಿ, ಆದರೂ ಖಾತ್ರಿ ಮಾಡಿಕೊಳ್ಳಿ.

ಲ್ಯಾಪ್‌ಟಾಪ್ ಎದುರಿಗೇ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಮೇಲೆ ಕ್ಲಿಕ್ ಮಾಡಿ, ಕೆಳಗಡೆ ಸಣ್ಣ ಅಕ್ಷರ ನೋಡಿ. ಫಾರ್ಮ್ ಫ್ಯಾಕ್ಟರ್ ಎದುರಿಗೆ ಎಸ್‌ಒ-ಡಿಐಎಂಎಂ ಎಂದಿದ್ದರೆ ಬಿಚ್ಚಬಹುದಾದ ಕಡ್ಡಿ. ರೋ ಆಫ್ ಚಿಪ್ಸ್ ಎಂದಿದ್ದರೆ ಬೆಸುಗೆ. ಸ್ಲಾಟ್ಸ್ ಯೂಸ್ಡ್ ಎದುರಿಗೆ ಎರಡರಲ್ಲಿ ಒಂದು ಎಂದು ತೋರಿಸಿದರೆ ಸಾಮಾನ್ಯವಾಗಿ ಇನ್ನೊಂದು ಜಾಗ ಖಾಲಿ ಇದೆ ಎಂದರ್ಥ. ಅದೇ ಕಡೆ ಇನ್ನೊಂದು ವಿಷಯ ಕಾಣುತ್ತದೆ: 8 ಜಿಬಿಯಲ್ಲಿ ಒಂದಿಷ್ಟು ಹಾರ್ಡ್‌ವೇರ್‌ಗೆಂದು ಕಾದಿರಿಸಿರುತ್ತದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ, ಗ್ರಾಫಿಕ್ಸ್‌ಗೂ ಇದೇ ರ್‍ಯಾಮ್ ಹಂಚಿಕೆಯಾಗುತ್ತದೆ. ಇದು ಮೋಸವಲ್ಲ, ಗಾಬರಿ ಬೇಡ.

ನನ್ನ ತೀರ್ಪು ಇಷ್ಟೇ. ಬೆಸುಗೆ ಹಾಕಿದ್ದಾದರೆ 16 ಜಿಬಿಯದ್ದೇ ಕೊಳ್ಳಿ. ಸ್ಲಾಟ್ ಖಾಲಿ ಇದ್ದರೆ 8 ಕೊಂಡು, ಕೈಯಲ್ಲಿ ದುಡ್ಡು ಆಡಿದಾಗ ಇನ್ನೊಂದು 8 ಹಾಕಿಸಿ.

ಡಿಸ್ಕ್ ವಿಷಯದಲ್ಲಿ ನೋಡಬೇಕಾದ್ದು ಗಾತ್ರಕ್ಕಿಂತ ಜಾತಿ. ತಿರುಗುವ ಹಾರ್ಡ್ ಡಿಸ್ಕ್ ಬೇಡವೇ ಬೇಡ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬುದೊಂದು ಬರುತ್ತದೆ, 64 ಅಥವಾ 128 ಜಿಬಿಯದ್ದು. ಅದನ್ನೂ ಬೋರ್ಡ್‌ಗೆ ಬೆಸೆದಿರುತ್ತಾರೆ, ವೇಗವೂ ಕಡಿಮೆ. 64 ಜಿಬಿಯಲ್ಲಿ ವಿಂಡೋಸ್ ಕೂತು, ಅದರ ಅಪ್‌ಡೇಟ್ ಕೂತ ಮೇಲೆ ನಿಮ್ಮ ಫೈಲ್‌ಗೆ ಉಳಿಯುವುದು ಮೂಲೆಯಷ್ಟು ಜಾಗ. ಇಂಥದ್ದರ ಜೊತೆ "1 ಟಿಬಿ ಸ್ಟೋರೇಜ್" ಅಂತ ದೊಡ್ಡದಾಗಿ ಬರೆದಿದ್ದರೆ ಹುಷಾರು. ಓದಿ ನೋಡಿದರೆ ಅದು ಒಂದು ವರ್ಷದ ಕ್ಲೌಡ್ ಚಂದಾ ಆಗಿರುತ್ತದೆ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ಅಲ್ವಾ?

256 ಜಿಬಿಯ ಎನ್‌ವಿಎಂಇ (ವೇಗದ ಜಾತಿಯ) ಎಸ್‌ಎಸ್‌ಡಿ ಇದ್ದರೆ ಕಚೇರಿ ಕೆಲಸಕ್ಕೆ ಸಾಕಾಗುತ್ತದೆ. 512 ಇದ್ದರೆ ಆರಾಮ. 512 ಎಂದು ಕೊಂಡದ್ದು ವಿಂಡೋಸ್‌ನಲ್ಲಿ 476 ಅಂತ ಕಂಡರೆ ಜಗಳಕ್ಕೆ ಹೋಗಬೇಡಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಪ್ರೊಸೆಸರ್ ಹೆಸರು ಕೇಳಿ ಮರುಳಾಗಬೇಡಿ. ಐ3, ಐ5 ಅನ್ನುವುದಷ್ಟೇ ಏನೂ ಹೇಳುವುದಿಲ್ಲ. ಅದರ ಮುಂದಿನ ಅಂಕಿಯೇ ಮುಖ್ಯ. ಐ3-1115ಜಿ4ರಲ್ಲಿ ಇರುವುದು 2 ಕೋರ್, ಅಂದರೆ ಲೆಕ್ಕ ಮಾಡುವ ಘಟಕ. ಅದರ ಮುಂದಿನ ಪೀಳಿಗೆಯ ಐ3-1215ಯು ನಲ್ಲಿ 6. ಹೆಸರು ಎರಡಕ್ಕೂ ಐ3. ಎಎಂಡಿಯ ರೈಜೆನ್ 7000 ಸಾಲಿನಲ್ಲಂತೂ ಮೂರನೇ ಅಂಕಿ ನೋಡಬೇಕು, ಒಳಗಿನ ವಿನ್ಯಾಸ ಎಷ್ಟು ಹಳೆಯದು ಎನ್ನುವುದು ಅಲ್ಲಿದೆ. 7520ಯು ಎಂದರೆ ಮೂರನೆಯದು 2, ಅಂದರೆ ಜೆನ್ 2 ಎಂಬ ಹಳೆಯ ವಿನ್ಯಾಸ. 7530ಯು ಎಂದರೆ ಜೆನ್ 3. ಬರೀ ಹತ್ತರ ವ್ಯತ್ಯಾಸ ಅಂದುಕೊಳ್ಳುತ್ತೇವೆ, ಒಳಗೆ ಒಂದು ಪೀಳಿಗೆಯೇ ಬೇರೆ. 7520ಯು ಜೊತೆ ಬರುವ ರ್‍ಯಾಮ್ ಬೆಸುಗೆ ಹಾಕಿದ್ದು ಎನ್ನುವುದೂ ನೆನಪಿರಲಿ. ಇಂಟೆಲ್‌ನ ಎನ್100 ಥರದ ಚಿಪ್ ಬಗ್ಗೆ ಜನ ಮೂಗು ಮುರಿಯುತ್ತಾರೆ. ಟೈಪಿಂಗ್, ಮೇಲ್, ಬ್ರೌಸಿಂಗ್ ಇಷ್ಟೇ ಆದರೆ ಅದು ಧಾರಾಳವಾಗಿ ಸಾಕು. ದೊಡ್ಡ ಎಕ್ಸೆಲ್ ಫೈಲ್ ಇಟ್ಟುಕೊಂಡು, ಸ್ಕ್ರೀನ್ ಶೇರ್ ಮಾಡುತ್ತಾ ಮೀಟಿಂಗ್ ನಡೆಸುವವರಿಗೆ ಮಾತ್ರ ಸಾಲದು.

ಇನ್ನು ಪರದೆ. ನೀವು ದಿನಕ್ಕೆ ಎಂಟು ತಾಸು ನೋಡುವುದು ಅದನ್ನೇ. ವಿಚಿತ್ರ ಅಂದರೆ ಅದನ್ನು ಕೇಳುವವರೇ ಕಡಿಮೆ. 1366x768 ಚುಕ್ಕಿಗಳ (ಪಿಕ್ಸೆಲ್) ಪರದೆ ಇನ್ನೂ ಅಲ್ಲಲ್ಲಿ ಮಾರಾಟಕ್ಕಿದೆ, ಬೇಡ. 1920x1080 ಇರಲಿ, ಓರೆಯಿಂದ ನೋಡಿದರೂ ಚೆನ್ನಾಗಿ ಕಾಣುವ ಐಪಿಎಸ್ ಜಾತಿಯದ್ದಿರಲಿ. ಪರೀಕ್ಷಿಸುವುದು ಸುಲಭ: ಖಾಲಿ ಎಕ್ಸೆಲ್ ಶೀಟ್ ತೆರೆಯಿರಿ. ಪರದೆಯನ್ನು ನಿಧಾನಕ್ಕೆ ಹಿಂದಕ್ಕೆ ಬಾಗಿಸಿ. ಟಿಎನ್ ಎಂಬ ಅಗ್ಗದ ಜಾತಿಯ ಪರದೆಯಾದರೆ ಆ ತೆಳು ಬೂದು ಗೆರೆಗಳು ಒಂದು ಹಂತದಲ್ಲಿ ಮಾಯ, ಬರೀ ಬಿಳಿ ಹಾಳೆ ಉಳಿಯುತ್ತದೆ. ಐಪಿಎಸ್‌ನಲ್ಲಿ ಗೆರೆಗಳು ಹಾಗೇ ಇರುತ್ತವೆ. ಬೆಳಕಿನ ಮಟ್ಟ ಅಗ್ಗದವುಗಳಲ್ಲಿ ಸಾಮಾನ್ಯವಾಗಿ 250 ನಿಟ್ಸ್. ಕಿಟಕಿ ಪಕ್ಕ ಕೂರುವವರು 300 ಇರುವುದನ್ನು ಹುಡುಕಿ.

ಕೀಬೋರ್ಡ್ ಅನ್ನು ಮುಟ್ಟಿಯೇ ನೋಡಬೇಕು. ನಿಮ್ಮ ಹೆಸರಲ್ಲ, ಒಂದು ಪೂರ್ತಿ ಪ್ಯಾರಾ ಟೈಪ್ ಮಾಡಿ. ಮಧ್ಯದಲ್ಲಿ ಒತ್ತಿದಾಗ ಹಲಗೆಯೇ ಕೆಳಗೆ ಬಾಗುತ್ತದಾ ಗಮನಿಸಿ. ಪವರ್ ಬಟನ್ ಎಲ್ಲಿದೆ? ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಡಿಲೀಟ್ ಕೀ ಪಕ್ಕದಲ್ಲೇ ಕೂರಿಸಿಬಿಟ್ಟಿದ್ದಾರೆ. ಯಾರ ಐಡಿಯಾನೋ ಗೊತ್ತಿಲ್ಲ, ಅವರು ಶೀಟ್‌ನಲ್ಲಿ ಸಾಲು ಅಳಿಸಿದವರಂತೂ ಅಲ್ಲ. ನನ್ನ ಹಾಗೆ ಅಂಕಿ ಹೊಡೆಯುವವರಾದರೆ 15.6 ಇಂಚಿನದ್ದು ನೋಡಿ, ಬಲಗಡೆ ನಂಬರ್ ಪ್ಯಾಡ್ ಸಿಗುವ ಸಾಧ್ಯತೆ ಹೆಚ್ಚು. ದಿನಾ ಹೊತ್ತು ತಿರುಗುವವರಿಗೆ 14 ಇಂಚು ವಾಸಿ. ನಂಬರ್ ಪ್ಯಾಡ್ ಬೇರೆಯಾಗಿ ಯುಎಸ್‌ಬಿಗೆ ಸಿಕ್ಕಿಸಿಕೊಂಡರಾಯಿತು.

ಬ್ಯಾಟರಿಗೆ "10 ಗಂಟೆ" ಅಂತ ಬರೆದದ್ದನ್ನು ನಂಬಬೇಡಿ, ವ್ಯಾಟ್-ಅವರ್ ನೋಡಿ, ಅದು ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎನ್ನುವ ಅಳತೆ. ಹಗುರ ಕೆಲಸಕ್ಕೆ ಲ್ಯಾಪ್‌ಟಾಪ್ 7 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ 42 ವ್ಯಾಟ್-ಅವರ್ ಬ್ಯಾಟರಿ 6 ಗಂಟೆ ಬಂತು. ಮೀಟಿಂಗ್ ಜಾಸ್ತಿ ಇದ್ದರೆ ಅಷ್ಟೂ ಬರದು. ಟೈಪ್-ಸಿ ಪೋರ್ಟ್ ಇದೆ ಎಂದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತದೆ ಅಂತೇನಿಲ್ಲ, ಅದನ್ನು ಬೇರೆಯಾಗಿ ಕೇಳಿ.

ಹೊಸದಕ್ಕೆ ದುಡ್ಡು ಸಾಲದಿದ್ದರೆ ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವುದು) ಕೊಳ್ಳಲು ನನ್ನ ಅಡ್ಡಿಯಿಲ್ಲ. ತೀರಾ ಅಗ್ಗದ ಹೊಸದಕ್ಕಿಂತ ಹಳೆಯ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳ ಕೀಬೋರ್ಡ್ ಎಷ್ಟೋ ಗಟ್ಟಿ. ಅವು ಕಚೇರಿಗೆಂದೇ ಮಾಡಿದವು. ಒಂದೇ ಷರತ್ತು: ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಮುಂದಿನದು ಇರಬೇಕು. ಅದಕ್ಕಿಂತ ಹಳೆಯವಕ್ಕೆ, ಒಂದೆರಡು ಅಪವಾದ ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬ್ಯಾಟರಿ ಹಳೆಯದಿದ್ದರೆ ಅದನ್ನು ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ನೋಡಿ.

ದುಡ್ಡು ಕೊಡುವ ಮುಂಚೆ ಡಬ್ಬದ ಮೇಲಿನ ಪೂರ್ತಿ ಮಾಡೆಲ್ ನಂಬರ್ ಓದಿ, ಬಾಲದಲ್ಲಿರುವ ಅಕ್ಷರಗಳ ಸಮೇತ. ಒಂದೇ ಹೆಸರಿನ ಲ್ಯಾಪ್‌ಟಾಪ್ ಬೇರೆ ಬೇರೆ ಪರದೆ, ಬೇರೆ ಬೇರೆ ರ್‍ಯಾಮ್‌ನಲ್ಲಿ ಬರುತ್ತದೆ. ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ. ಆಫೀಸ್ ಸಾಫ್ಟ್‌ವೇರ್ ಜೊತೆಗೆ ಬರುತ್ತದೆ ಎಂದರೆ ಅದು ಕಾಯಮ್ಮಾ, ಟ್ರಯಲ್ಲಾ ಕೇಳಿ. ಟ್ರಯಲ್ ಆದರೆ ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತದೆ, ಮಾಮೂಲಿ ಕಾಗದಪತ್ರಕ್ಕೆ ಸಾಕು. ವಿಂಡೋಸ್ ಎಸ್ ಮೋಡ್‌ನಲ್ಲಿ ಬಂದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಬಿಟ್ಟು ಬೇರೇನೂ ಹಾಕಲು ಬಿಡುವುದಿಲ್ಲ. ಅದರಿಂದ ಹೊರಬರಲು ದುಡ್ಡು ಕೊಡಬೇಕಿಲ್ಲ, ಆದರೆ ಒಮ್ಮೆ ಬಂದರೆ ವಾಪಸ್ ಹೋಗೋಕೆ ಆಗಲ್ಲ.

ಮನೆಗೆ ತಂದ ಮೇಲೆ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ನಿಮ್ಮ ನಿಜವಾದ ಕೆಲಸವನ್ನೇ ಅದರಲ್ಲಿ ಮಾಡಿ. ನಿಮ್ಮ ಅತಿ ದೊಡ್ಡ ಫೈಲ್ ತೆರೆಯಿರಿ. ಮೈಕ್, ಕ್ಯಾಮೆರಾ ಹಾಕಿ ಯಾರಿಗಾದರೂ ಕರೆ ಮಾಡಿ. ಎಲ್ಲ ಯುಎಸ್‌ಬಿ ಪೋರ್ಟ್‌ಗೂ ಪೆನ್‌ಡ್ರೈವ್ ಹಾಕಿ ನೋಡಿ. ಅಲ್ಲಿಯವರೆಗೆ ಡಬ್ಬ, ಬಿಲ್ಲು, ಒಳಗಿನ ಥರ್ಮಾಕೋಲ್ ಯಾವುದನ್ನೂ ಬಿಸಾಡಬೇಡಿ.