ಒಂದನ್ನು ನೆಟ್ಟು ನಲವತ್ತನ್ನು ಕಳೆದೆ: ನರಹುಲಿ ಚಿಕಿತ್ಸೆಯಲ್ಲಿ ನನ್ನ ಅನುಭವ

ಕಳೆದ ತಿಂಗಳು ಗಂಗಾವತಿಯಲ್ಲಿ ವೈದ್ಯ ಮಿತ್ರರೆಲ್ಲ ಸೇರಿದ್ದೆವು. ಆರು ವರ್ಷದ ಹಿಂದೆ ಎಲ್ಲರೆದುರು ನನ್ನನ್ನು ‘ನಾಟಿ ವೈದ್ಯ’ ಎಂದು ಕರೆದಿದ್ದ ಹಿರಿಯರೊಬ್ಬರು ಊಟದ ಹೊತ್ತಿಗೆ ಪಕ್ಕಕ್ಕೆ ಬಂದು, “ರೋಗಿಯ ನರಹುಲಿಯ ತುಣುಕನ್ನು ಅವರಿಗೇ ನೆಡುವ ಆ ಕೆಲಸವನ್ನು ಒಮ್ಮೆ ನನ್ನ ಕ್ಲಿನಿಕ್‌ಗೆ ಬಂದು ತೋರಿಸಪ್ಪ” ಎಂದರು. ಈ ಮಾತಿಗಾಗಿ ನಾನು ಇಷ್ಟು ವರ್ಷ ಕಾದಿದ್ದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಚರ್ಮದ ಕೆಲಸ ಮಾಡುವವರಿಗೆ ಬ್ಲೇಡ್ ಹಿಡಿಯುವುದನ್ನು, ಮರಗಟ್ಟಿಸುವುದನ್ನು ನಾನು ಹೇಳಿಕೊಡಬೇಕಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಕಾರಟಗಿ, ಸಿದ್ದಾಪುರ, ಕನಕಗಿರಿ ಕಡೆಯ ಕೂಲಿಯವರು, ಅಕ್ಕಿ ಗಿರಣಿಯ ಹಮಾಲರು. ಕುತ್ತಿಗೆಯಲ್ಲಿ ಜೋತುಬೀಳುವ ತೊಗಲಿನ ಚೂರು (ಸ್ಕಿನ್ ಟ್ಯಾಗ್) ಇರಲಿ, ಕೆನ್ನೆಯ ಕರಿ ಕಾಳುಗಳಿರಲಿ, ವಯಸ್ಸಾದವರ ಬೆನ್ನಿಗೆ ಅಂಟಿಸಿದಂತೆ ಕಾಣುವ ಕಂದು ಮಚ್ಚೆಗಳಿರಲಿ, ಜನ ಎಲ್ಲವನ್ನೂ ನರಹುಲಿ ಎಂದೇ ಕರೆಯುತ್ತಾರೆ. ನಿಜವಾದ ನರಹುಲಿ ವೈರಸ್ಸಿನದು, ಅಂಟುವಂಥದು. ಉಳಿದವು ಅಂಟುವುದಿಲ್ಲ. ಇದನ್ನು ಬಿಡಿಸಿ ಹೇಳುವುದರಲ್ಲೇ ನನ್ನ ದಿನದ ಒಂದು ಗಂಟೆ ಹೋಗುತ್ತದೆ.

ಮೊದಲ ಕೆಲವು ವರ್ಷ ನಾನೂ ಎಲ್ಲರಂತೆ ಯಂತ್ರವನ್ನೇ ನಂಬಿದ್ದೆ. ನರಹುಲಿಯನ್ನು ಸುಡುವ ರೇಡಿಯೋ ಫ್ರೀಕ್ವೆನ್ಸಿ ಯಂತ್ರಕ್ಕೆ ಸುಮಾರು ನಲವತ್ತೆಂಟು ಸಾವಿರ ಕೊಟ್ಟೆ. ಸುಡುವಾಗ ಏಳುವ ಹೊಗೆಯಲ್ಲೂ ವೈರಸ್ಸಿನ ಅಂಶ ಇರುತ್ತದೆ ಎಂದು ಹೊಗೆ ಎಳೆಯುವ ಫ್ಯಾನು, ಒಳ್ಳೆಯ ಮಾಸ್ಕುಗಳು ಎಂದು ಮತ್ತೆ ಏಳೆಂಟು ಸಾವಿರ. ಆಮೇಲೆ ನರಹುಲಿಯನ್ನು ಹೆಪ್ಪುಗಟ್ಟಿಸಿ ಕೊಲ್ಲುವ ದ್ರವ ಸಾರಜನಕದ ಆಸೆ ಹುಟ್ಟಿತು. ಸಿಂಪಡಿಸುವ ಗನ್ನು, ಮೂರು ಲೀಟರಿನ ಕ್ಯಾನು ಸೇರಿ ಅರುವತ್ತು ಸಾವಿರ ದಾಟಿತು. ಜಾನುವಾರುಗಳ ಕೃತಕ ಗರ್ಭಧಾರಣೆಗೆ ಸಾರಜನಕ ತರುವವರಿಂದಲೇ ಕ್ಯಾನು ತುಂಬಿಸಿಕೊಳ್ಳುತ್ತಿದ್ದೆ. ಮೈನಸ್ 196 ಡಿಗ್ರಿಯ ವಸ್ತುವನ್ನು ನಮ್ಮ ಏಪ್ರಿಲ್‌ನ ಬಿಸಿಲಲ್ಲಿ ಹಿಡಿದಿಡುವುದು ಸುಲಭವಲ್ಲ. ತುಂಬಿಸಿದ ಐದಾರು ದಿನಕ್ಕೆ ಕ್ಯಾನು ಖಾಲಿ, ಏಳನೆಯ ದಿನಕ್ಕೆ ರೋಗಿ ಹಾಜರು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ನಮ್ಮ ಕಡೆಯ ಕಪ್ಪು ತೊಗಲಿನಲ್ಲಿ ಅದು ತಾಗಿದ ಜಾಗ ಎಷ್ಟೋ ಸಲ ಬೆಳ್ಳಗಾಗುತ್ತದೆ. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳ ಕೈಯ ಮೇಲೆ ಬಿಳಿ ಚುಕ್ಕೆಗಳು ಎದ್ದು, ಬೀಗರು ತೊನ್ನು ಎಂದು ತಿಳಿದು ಗಲಾಟೆಯಾಯಿತು. ತೊನ್ನಲ್ಲ ಎಂದು ಬರೆದುಕೊಟ್ಟು, ಅವರ ಮನೆಗೇ ಹೋಗಿ ಹೇಳಿಬಂದೆ. ಆ ಗನ್ನು ಈಗ ಕಪಾಟಿನಲ್ಲಿದೆ.

ನನ್ನ ದಾರಿ ತಿರುಗಿದ್ದು 2019ರ ಮುಂಗಾರಿನಲ್ಲಿ. ಕಾರಟಗಿ ಹತ್ತಿರದ ಹಳ್ಳಿಯ ಹೆಣ್ಣುಮಗಳು, ಮೂವತ್ತೈದು ವರ್ಷವಿರಬಹುದು, ಭತ್ತ ನಾಟಿ ಮಾಡುವ ತಂಡದಲ್ಲಿ ಕೂಲಿ. ಎರಡೂ ಕೈ ಸೇರಿ ನಲವತ್ತಕ್ಕೂ ಹೆಚ್ಚು ನರಹುಲಿಗಳು, ಉಗುರಿನ ಸುತ್ತಲೂ ಇದ್ದವು. ಉಪ್ಪಿನ ಹರಕೆ ಆಗಿತ್ತು, ಕಳ್ಳಿಹಾಲು ಆಗಿತ್ತು, ಸುಣ್ಣಕ್ಕೆ ಸೋಡಾ ಕಲಸಿ ಹಚ್ಚಿ ಒಂದು ಬೆರಳು ಸುಟ್ಟೂ ಆಗಿತ್ತು. ನಾನು ಮೂರು ಸಲ ಕೂರಿಸಿ ಯಂತ್ರದಿಂದ ಸುಟ್ಟೆ. ಎರಡು ಸಾವಿರದ ಎಂಟುನೂರು ರೂಪಾಯಿ ತೆಗೆದುಕೊಂಡೆ. ಗಾಯಗಳೊಂದಿಗೆ ಅವಳು ಕೆಸರಿಗೆ ಇಳಿದಳು, ಇಳಿಯದೆ ಬೇರೆ ದಾರಿ ಇರಲಿಲ್ಲ. ಕೀವು ತುಂಬಿತು. ನಾಟಿಯ ಸುಗ್ಗಿಯಲ್ಲಿ ಹನ್ನೆರಡು ದಿನದ ಕೂಲಿ ಹೋಯಿತು. ಎರಡು ತಿಂಗಳಿಗೆ ಸುಟ್ಟ ಗುರುತಿನ ಅಂಚಿನಲ್ಲೇ ಉಂಗುರದಂತೆ ಮತ್ತೆ ಎದ್ದವು.

“ಸಾಹೇಬರೇ, ಕೈಯೂ ಹೋಯಿತು, ಕೂಲಿಯೂ ಹೋಯಿತು. ಇವು ಮಾತ್ರ ಹೋಗಲಿಲ್ಲ” ಎಂದು ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟಳು. ಹಣ ಮರಳಿಸಿದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ರೋಗಿಯ ನರಹುಲಿಯ ಒಂದು ತುಣುಕನ್ನು ಅವರದೇ ಮುಂಗೈಯ ಚರ್ಮದ ಕೆಳಗೆ ನೆಡುವ ವಿಧಾನ ನನಗೆ ಓದುವ ದಿನಗಳಿಂದ ಗೊತ್ತಿತ್ತು. ಕೈಯಾರೆ ಮಾಡಿ ನೋಡಿರಲಿಲ್ಲ, ಅಷ್ಟೆ. ಈ ವೈರಸ್ ಚರ್ಮದ ಮೇಲ್ಪದರದಲ್ಲೇ ಬದುಕುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಹಾಗಾಗಿ ಮೈಯ ಕಾವಲುಗಾರರ, ಅಂದರೆ ರೋಗನಿರೋಧಕ ಕಣಗಳ, ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಒಳಗೆ ಇಳಿಸಿ ತೋರಿಸಿದರೆ ಅವರು ಎಲ್ಲ ಕಡೆಯೂ ಹುಡುಕಿ ಕೊಲ್ಲುತ್ತಾರೆ ಎಂಬುದು ಇದರ ಹಿಂದಿನ ತರ್ಕ. ಆಗಿನ ವೈದ್ಯರ ಸಭೆಯಲ್ಲಿ ಇದನ್ನು ಹೇಳಿದಾಗ ಆ ಹಿರಿಯರು, “ಕಳೆ ಕಿತ್ತು ಮತ್ತೆ ಗದ್ದೆಗೇ ನೆಡುತ್ತೀಯೇನಪ್ಪ?” ಎಂದರು. ಮುಂಗೈಯಲ್ಲಿ ಹೊಸ ನರಹುಲಿ ಬೆಳೆದರೆ ಜನ ಕ್ಲಿನಿಕ್‌ಗೆ ಕಲ್ಲು ಹೊಡೆಯುತ್ತಾರೆ ಎಂದು ಇನ್ನೊಬ್ಬರು ಎಚ್ಚರಿಸಿದರು.

ಮೊದಲ ನಾಲ್ಕು ಜನರಲ್ಲಿ ಸೋತೆ. ಮೊದಲನೆಯವನಲ್ಲಿ ನಾನು ಕೆತ್ತಿ ತೆಗೆದಿದ್ದು ಬರೀ ಒಣ ಸಿಪ್ಪೆ. ಜೀವ ಇರುವ ಭಾಗ ಬಂದೇ ಇರಲಿಲ್ಲ, ಏನೂ ಆಗಲಿಲ್ಲ. ಎರಡನೆಯವನಲ್ಲಿ ತುಣುಕನ್ನು ಇಡಲು ಚರ್ಮದಲ್ಲಿ ಕೊರೆದ ಗೂಡು ತೀರಾ ಮೇಲೆಯೇ ಆಯಿತು. ಮೂರನೆಯ ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ತುಣುಕು ಹತ್ತಿಗೆ ಅಂಟಿಕೊಂಡು ಹೊರಬಂತು. ಮೂರನೆಯವರಿಗೆ ಮುಂಗೈಯಲ್ಲಿ ಕೀವಾಗಿ, ಕೊಯ್ದು ಹತ್ತು ದಿನ ಡ್ರೆಸ್ಸಿಂಗ್ ಮಾಡಿದೆ, ಔಷಧಿಯ ಖರ್ಚೂ ನನ್ನದೇ. ತಪ್ಪು ಎಲ್ಲಿತ್ತೆಂದರೆ, ನರಹುಲಿಯನ್ನು ತೆಗೆಯುವ ಮುನ್ನ ಆ ಕೈಯನ್ನು ಸಾಕಷ್ಟು ತೊಳೆಸಿರಲಿಲ್ಲ. ಗದ್ದೆಯ ಕೈಯ ಬಿರುಕುಗಳಲ್ಲಿ ಎಷ್ಟು ಮಣ್ಣಿರುತ್ತದೆ ಎಂದು ನನಗೆ ತಿಳಿದಿರಬೇಕಿತ್ತು. ಈಗ ಹತ್ತು ನಿಮಿಷ ಸಾಬೂನು ನೀರಿನಲ್ಲಿ ಅದ್ದಿಸಿ, ಬ್ರಷ್‌ನಿಂದ ಉಜ್ಜಿಸಿ, ಆಮೇಲೆ ಕ್ರಿಮಿ ಕೊಲ್ಲುವ ಪೊವಿಡೋನ್ ಅಯೋಡಿನ್, ಸ್ಪಿರಿಟ್ ಎರಡನ್ನೂ ಬಳಸುತ್ತೇನೆ. ನಾಲ್ಕನೆಯವನು ಮರಳಿ ಬರಲೇ ಇಲ್ಲ. ಅವನನ್ನೂ ಸೋಲಿನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಈಗಿನ ನನ್ನ ಕ್ರಮ ಹೀಗಿದೆ. ಒಂದು ಬಲಿತ ನರಹುಲಿಯನ್ನು ಆರಿಸಿ, ಮೇಲಿನ ಗಟ್ಟಿ ಪದರವನ್ನು ಹೆರೆದು, ಕರಿ ಚುಕ್ಕೆಗಳು ಕಂಡು ರಕ್ತ ಜಿನುಗುವವರೆಗೆ ಹೋಗುತ್ತೇನೆ. ಬೆರಳನ್ನು ಮರಗಟ್ಟಿಸಲು ಅಡ್ರಿನಾಲಿನ್ ಬೆರೆಸದ ಲಿಗ್ನೋಕೇನ್. ಅಲ್ಲಿಂದ ಸಾಸಿವೆಗಿಂತ ತುಸು ದೊಡ್ಡ ತುಣುಕು ಸಾಕು. ಎಡ ಮುಂಗೈಯ ಒಳಬದಿಯಲ್ಲಿ, ರಕ್ತನಾಳ ಕಾಣದ ಜಾಗದಲ್ಲಿ, 11ನೆಯ ನಂಬರಿನ ಬ್ಲೇಡಿನಿಂದ ಓರೆಯಾಗಿ ಒಂದು ಗೂಡು ಮಾಡಿ, 18 ಗೇಜ್ ಸೂಜಿಯಿಂದ ತುಣುಕನ್ನು ಒಳಗೆ ತಳ್ಳುತ್ತೇನೆ. ಎರಡು ನಿಮಿಷ ಅದುಮಿ ಹಿಡಿದು ಪಟ್ಟಿ. ಏಳು ದಿನ ನೀರು ತಾಗಿಸುವಂತಿಲ್ಲ. ಕೂಲಿಯವರಿಗೆ ಏಳು ದಿನವೇ ದೊಡ್ಡ ಖರ್ಚು, ಆದ್ದರಿಂದ ನಾಟಿ, ಕಟಾವು ಮುಗಿದ ಮೇಲೆಯೇ ದಿನ ಕೊಡುತ್ತೇನೆ. ಗೂಡಿನ ಆಳ ಎಷ್ಟು, ತುಣುಕನ್ನು ಒಳಗೆ ಇಳಿಸುವ ಮುನ್ನ ಅದಕ್ಕೆ ಏನು ಮಾಡುತ್ತೇನೆ ಎಂಬ ಎರಡು ಸಂಗತಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಬೆರಳಿಗೆ ತಿಳಿಯಬೇಕಾದವು. ಬಂದು ಪಕ್ಕದಲ್ಲಿ ನಿಂತವರಿಗೆ ತೋರಿಸುತ್ತೇನೆ.

ಆ ಹೆಣ್ಣುಮಗಳನ್ನು ನಾನೇ ಕರೆಸಿದೆ. ಬೇಸಿಗೆ ಬೆಳೆಯ ನಾಟಿ ಮುಗಿಸಿ 2020ರ ಫೆಬ್ರವರಿಯಲ್ಲಿ ಬಂದಳು. ಹಣ ಬೇಡ ಎಂದೆ. “ಇನ್ನೊಂದನ್ನು ಕೈಯಲ್ಲಿ ನೆಟ್ಟು ಕಳಿಸುತ್ತೀರಾ?” ಎಂದು ಕೇಳಿದಳು, ಆದರೂ ಕೈ ಚಾಚಿದಳು. ಐದನೆಯ ವಾರಕ್ಕೆ ಲಾಕ್‌ಡೌನ್ ಆಯಿತು. ಬಸ್ಸಿಲ್ಲ, ಮರುಪರೀಕ್ಷೆ ಇಲ್ಲ. ಇದೂ ಸೋತಿತು ಎಂದುಕೊಂಡೆ. ಏಪ್ರಿಲ್ ಕೊನೆಯಲ್ಲಿ ಅವಳ ಮಗ ಮೊಬೈಲಿಗೆ ಒಂದು ಚಿತ್ರ ಕಳಿಸಿದ. ನರಹುಲಿಗಳು ಕಪ್ಪಾಗಿ, ಒಣಗಿದ ಮೆಣಸಿನ ಕಾಳಿನಂತೆ ಕುಗ್ಗಿದ್ದವು. ಮೇ ಎರಡನೆಯ ವಾರದ ಚಿತ್ರದಲ್ಲಿ ಎರಡೂ ಕೈಗಳು ಚೊಕ್ಕಟ. ಉಗುರಿನ ಸುತ್ತ ಕೂಡ ಏನೂ ಇಲ್ಲ. ನಾನು ಸುಟ್ಟಲ್ಲಿ ಮಾತ್ರ ಕಲೆ ಉಳಿದಿದೆ, ತಾವಾಗಿ ಬಿದ್ದಲ್ಲಿ ಕಲೆಯೂ ಇಲ್ಲ. ಆ ಚಿತ್ರವನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಅಲ್ಲಿಂದ ಇಲ್ಲಿಯವರೆಗೆ ಸುಮಾರು ತೊಂಬತ್ತು ಜನರಿಗೆ ಮಾಡಿದ್ದೇನೆ. ಅರುವತ್ತಕ್ಕೂ ಹೆಚ್ಚು ಜನರಲ್ಲಿ ಪೂರ್ತಿ ಹೋಗಿವೆ, ಹತ್ತು ಹನ್ನೆರಡು ಜನರಲ್ಲಿ ಅರ್ಧಂಬರ್ಧ. ಉಳಿದವರಲ್ಲಿ ಕೆಲವರಿಗೆ ಗುಣವಿಲ್ಲ, ಕೆಲವರು ಪತ್ತೆ ಇಲ್ಲ. ಮುಂಗೈಯಲ್ಲಿ ಹೊಸ ನರಹುಲಿ ಒಬ್ಬರಲ್ಲೂ ಎದ್ದಿಲ್ಲ. ಆರೇಳು ಜನರಿಗೆ ಸಣ್ಣ ಗಂಟು ಕೆಲವು ತಿಂಗಳು ಉಳಿದು ಕರಗಿತು. ತಾವಾಗಿಯೇ ಹೋಗುತ್ತಿದ್ದವು, ನಿನ್ನದೇನು ಹೆಚ್ಚುಗಾರಿಕೆ ಎನ್ನುವವರಿದ್ದಾರೆ. ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿ ಹೋಗುತ್ತವೆ ನಿಜ, ಅದಕ್ಕೇ ಮಕ್ಕಳಿಗೆ ನಾನು ನೆಡುವುದಿಲ್ಲ. ಹಚ್ಚಲು ಸ್ಯಾಲಿಸಿಲಿಕ್ ಆಮ್ಲ ಕೊಟ್ಟು ಕಾಯಿಸುತ್ತೇನೆ. ನಾನು ನೆಟ್ಟವರೆಲ್ಲ ಮೂರು ನಾಲ್ಕು ವರ್ಷದಿಂದ ಅನುಭವಿಸಿದ ದೊಡ್ಡವರು. ಗುಣವಾದವರಲ್ಲಿ ಬಹುತೇಕರಿಗೆ ಆರರಿಂದ ಹನ್ನೆರಡನೆಯ ವಾರದೊಳಗೆ ಎಲ್ಲವೂ ಒಟ್ಟಿಗೆ ಉದುರಿದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಸಾಮಾನಿನ ಖರ್ಚು ಒಬ್ಬರಿಗೆ ಅರುವತ್ತು ಎಪ್ಪತ್ತು ರೂಪಾಯಿ. ನಾನು ತೆಗೆದುಕೊಳ್ಳುವುದು ಆರುನೂರು, ಕೂಲಿಯವರಿಂದ ಮುನ್ನೂರು. ಲಕ್ಷ ದಾಟಿದ ಯಂತ್ರಗಳಿಗಿಂತ ಈ ಬ್ಲೇಡು, ಸೂಜಿ ನನಗೆ ಹೆಸರು ಕೊಟ್ಟಿವೆ.

ಮುಂಗೈ ಕೊಯ್ಯಿಸಿಕೊಳ್ಳಲು ಒಪ್ಪದ ಹಮಾಲರಿಗೆ ಬೇರೆ ದಾರಿ ಹಿಡಿದೆ. ಅಂಗಾಲಿನ ನರಹುಲಿಗೆ ಅವರು ಆಣಿ ಎನ್ನುತ್ತಾರೆ. ನೇರವಾಗಿ ಒತ್ತಿದರೆ ನೋಯುವುದು ಹೆಚ್ಚಾಗಿ ನಿಜವಾದ ಆಣಿ, ಎರಡು ಬದಿಯಿಂದ ಚಿವುಟಿದರೆ ನೋಯುವುದು ಹೆಚ್ಚಾಗಿ ನರಹುಲಿ. ಫಾಕ್ನರ್ ಎಂಬ ಪಾದವೈದ್ಯರು 1969ರಲ್ಲಿ ಬರೆದ ಸೂಜಿ ವಿಧಾನ ಇದಕ್ಕೆ ಒಗ್ಗುತ್ತದೆ. ಕಣಕಾಲಿನ ಹಿಂದೆ ನರಕ್ಕೆ ಮರಗಟ್ಟಿಸಿ, ಒಂದೇ ನರಹುಲಿಯನ್ನು ಸಣ್ಣ ಸೂಜಿಯಿಂದ ನೂರಾರು ಸಲ, ಒಳಗಿನ ಕೊಬ್ಬಿನ ಪದರದವರೆಗೆ ಚುಚ್ಚುವುದು. ಆರಂಭದಲ್ಲಿ ಸೂಜಿಗೆ ತಡೆ ಸಿಗುತ್ತದೆ, ಆ ತಡೆ ಹೋಗುವವರೆಗೆ ಬಿಡಬಾರದು. ಹದಿನೈದು ಜನರಲ್ಲಿ ಒಂಬತ್ತು ಮಂದಿಗೆ ಗುಣ. ಮರುದಿನವೇ ಚೀಲ ಹೊರಲು ಹೋದವರಿದ್ದಾರೆ, ಹೋಗಬೇಡಿ ಎಂದರೂ ಕೇಳಲಿಲ್ಲ.

ನರಹುಲಿಯ ಬುಡಕ್ಕೆ ಡಿ ಜೀವಸತ್ವದ ಚುಚ್ಚುಮದ್ದನ್ನೂ ಇಪ್ಪತ್ತು ಜನರಲ್ಲಿ ನೋಡಿದೆ. ಅರ್ಧಕ್ಕರ್ಧ ಗುಣ, ಆದರೆ ನೋವು ಬಹಳ. ಎರಡನೆಯ ಸರದಿಗೆ ಜನ ಬರುವುದಿಲ್ಲ. ಕೆನ್ನೆಯ ಕರಿ ಕಾಳುಗಳಿಗೆ ಯಂತ್ರ ಈಗಲೂ ಬೇಕು. ಅತಿ ಕಡಿಮೆ ಶಕ್ತಿಯಲ್ಲಿ ಮೇಲ್ಮೈಯನ್ನಷ್ಟೇ ಸೋಕಿಸಿ, ಬೂದು ಬಣ್ಣಕ್ಕೆ ತಿರುಗಿದೊಡನೆ ನಿಲ್ಲಿಸಬೇಕು. ಇನ್ನೊಂದು ಕ್ಷಣ ಹೆಚ್ಚು ಹಿಡಿದರೆ ಕಾಳಿನ ಜಾಗದಲ್ಲಿ ಕಲೆ ಕೂರುತ್ತದೆ. ಮದುವೆಗೆ ಎರಡು ತಿಂಗಳು ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ಸ್ಕಿನ್ ಟ್ಯಾಗ್‌ಗೆ ಕತ್ತರಿಯೇ ಸಾಕು. ಕತ್ತರಿಸುವ ಮುನ್ನ ಕುತ್ತಿಗೆಯ ತೊಗಲು ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದೆಯೇ ಎಂದು ನೋಡಿ, ಆಗಿದ್ದರೆ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತೇನೆ. ಕುತ್ತಿಗೆ ಚೆಂದ ಮಾಡಿಸಿಕೊಳ್ಳಲು ಬಂದ ಕಿರಾಣಿ ಅಂಗಡಿಯವರೊಬ್ಬರಿಗೆ ಸಕ್ಕರೆ ಮುನ್ನೂರು ದಾಟಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಆ ಪರೀಕ್ಷೆಗೆ ನಾನು ಹಣ ತೆಗೆದುಕೊಳ್ಳುವುದಿಲ್ಲ.

ಯಾರಿಗೆ ನೆಡಬಾರದು ಎಂಬುದನ್ನು ಒತ್ತಿ ಹೇಳಬೇಕು. ಗರ್ಭಿಣಿಯರು, ಸಕ್ಕರೆ ಹತೋಟಿಯಲ್ಲಿ ಇಲ್ಲದವರು, ರೋಗನಿರೋಧಕ ಶಕ್ತಿ ಕುಂದಿದವರು, ಗಾಯವಾದಲ್ಲೆಲ್ಲ ಗಂಟು ಕಟ್ಟುವ ಮೈಯವರು, ಇವರನ್ನು ಬಿಡಿ. ಜನನಾಂಗದ ನರಹುಲಿಗೆ ಈ ವಿಧಾನ ನಾನು ಬಳಸುವುದಿಲ್ಲ. ಹೆರೆದಾಗ ಕರಿ ಚುಕ್ಕೆ ಕಾಣದಿದ್ದರೆ, ಚರ್ಮದ ಗೆರೆಗಳು ಅದರ ಮೇಲೆ ಹಾಗೇ ಹಾದುಹೋಗಿದ್ದರೆ, ಅದು ನರಹುಲಿ ಎಂದು ಮುಂದುವರಿಯಬೇಡಿ. ಮೂರು ವರ್ಷದ ಹಿಂದೆ ತಾವರಗೇರಾ ಕಡೆಯ ಅಜ್ಜ ಒಬ್ಬರು ಹಿಮ್ಮಡಿಯ ಕರಿ ಮಚ್ಚೆಯನ್ನು ಆಣಿ ಎಂದು ತೋರಿಸಿದರು. ಅಂಚು ಒಂದು ಕಡೆ ಹಬ್ಬಿತ್ತು, ನಡುವೆ ಬಣ್ಣ ಬೇರೆ ಇತ್ತು, ಒಮ್ಮೆ ರಕ್ತವೂ ಬಂದಿತ್ತಂತೆ. ಬ್ಲೇಡ್ ಮುಟ್ಟಿಸದೆ ಬಳ್ಳಾರಿಗೆ ಕಳಿಸಿದೆ. ಅದು ಮೆಲನೋಮಾ, ಚರ್ಮದ ಕ್ಯಾನ್ಸರ್. ಅಜ್ಜನ ಮಗ ಈಗಲೂ ಫೋನು ಮಾಡುತ್ತಾನೆ, ಅಜ್ಜ ಊರುಗೋಲು ಹಿಡಿದು ಓಡಾಡುತ್ತಿದ್ದಾರೆ.

ಸದ್ಯ ಅಂಗಾಲಿನ ತುಂಬ ಹೆಂಚು ಹೊದಿಸಿದಂತೆ ಹಬ್ಬಿದ ನರಹುಲಿಯವರು ನಾಲ್ವರಿದ್ದಾರೆ. ಇವರೇ ನನಗೆ ಎಲ್ಲರಿಗಿಂತ ಗಟ್ಟಿ. ಇಬ್ಬರಿಗೆ ಮುಂಗೈಯಲ್ಲಿ ನೆಟ್ಟು, ಅದೇ ದಿನ ಅಂಗಾಲಿಗೆ ಸೂಜಿಯನ್ನೂ ಹಾಕಿದ್ದೇನೆ. ಇನ್ನಿಬ್ಬರಿಗೆ ನೆಟ್ಟಿರುವುದು ಮಾತ್ರ. ಐದನೆಯ ವಾರ ನಡೆಯುತ್ತಿದೆ. ಒಬ್ಬನ ಹಿಮ್ಮಡಿಯ ಅಂಚು ಮೊನ್ನೆ ಕಪ್ಪಾಗತೊಡಗಿದೆ, ಹೆರೆದು ನೋಡುವ ಆಸೆಯನ್ನು ತಡೆದುಕೊಂಡು ಹದಿನೈದು ದಿನ ಬಿಟ್ಟು ಬಾ ಎಂದು ಕಳಿಸಿದ್ದೇನೆ.